ಈ ಭಾಷೆಗೆ ಯಜಮಾನ ಯಾರು?

2012ರ ಜುಲೈ 27. ಲಂಡನ್ ಒಲಿಂಪಿಕ್ಸ್ ಉದ್ಘಾಟನೆ ನಡೀತಾ ಇತ್ತು. ಕ್ರೀಡಾಂಗಣದ ಮಧ್ಯೆ ಒಂದು ಮನೆ. ಆ ಮನೆ ಇದ್ದಕ್ಕಿದ್ದಂತೆ ಮೇಲಕ್ಕೆ ಎದ್ದುಹೋಗುತ್ತೆ, ಒಳಗೆ ಒಬ್ಬ ಮನುಷ್ಯ ಹಳೇ ಕಾಲದ ಕಪ್ಪು ಕಂಪ್ಯೂಟರ್ ಮುಂದೆ ಕೂತಿರ್ತಾರೆ. ಅವರು ಏನೋ ಟೈಪ್ ಮಾಡ್ತಾರೆ, ‘ಇದು ಎಲ್ಲರಿಗಾಗಿ’ ಅನ್ನೋ ಅರ್ಥದ ಇಂಗ್ಲಿಷ್ ಅಕ್ಷರಗಳು ಇಡೀ ಕ್ರೀಡಾಂಗಣದ ಸುತ್ತ ದೀಪಗಳಲ್ಲಿ ಬೆಳಗುತ್ತವೆ. ಜಗತ್ತಿನ ಕೋಟ್ಯಂತರ ಜನ ಟಿವಿಯಲ್ಲಿ ನೋಡ್ತಿದ್ದಾರೆ. ಆಗ ಅಮೆರಿಕದ ಒಂದು ದೊಡ್ಡ ಚಾನೆಲ್‌ನಲ್ಲಿ ವಿವರಣೆ ಕೊಡ್ತಿದ್ದ ನಿರೂಪಕರು ಏನಂದ್ರು ಗೊತ್ತಾ? ಇವರ ಹೆಸರು ನೀವು ಕೇಳಿಲ್ಲ ಅಂದ್ರೆ ನಾವೂ ಕೇಳಿಲ್ಲ, ಗೂಗಲ್ ಮಾಡಿ ನೋಡಿ ಅಂದ್ರು.

ನಮ್ಮ ವೃತ್ತಿಯವರೇ ಸ್ವಾಮಿ. ಯಾರು ಹಾಕಿಕೊಟ್ಟ ರಸ್ತೆಯಲ್ಲಿ ಗೂಗಲ್ ಗಾಡಿ ಓಡಿಸ್ತಾ ಇದೆಯೋ, ಆ ರಸ್ತೆ ಹಾಕಿದವರನ್ನೇ ಗೂಗಲ್‌ನಲ್ಲಿ ಹುಡುಕಿ ಅಂತ ಹೇಳಿದ್ರು. ಅವರ ಹೆಸರು ಟಿಮ್ ಬರ್ನರ್ಸ್-ಲೀ. ವೆಬ್ ಕಟ್ಟಿದವರು. ಅದಕ್ಕಿಂತ ಮುಖ್ಯವಾಗಿ, ಇವತ್ತು ನೀವು ಮೊಬೈಲ್ ಬ್ರೌಸರ್‌ನಲ್ಲಿ ತೆರೆಯೋ ಪ್ರತಿಯೊಂದು ಪುಟವೂ ಯಾವ ಭಾಷೆಯಲ್ಲಿ ಬರೆದಿದೆಯೋ, ಆ ಎಚ್‌ಟಿಎಂಎಲ್ ಅನ್ನೋ ಭಾಷೆಗೆ ಮೊದಲ ಅಕ್ಷರ ಬರೆದವರು. ಇವತ್ತು ಆ ಭಾಷೆಯ ಕಥೆ ಹೇಳ್ತೀನಿ. ರೈಲು ಹಳಿಯ ಅಗಲ ಎಷ್ಟಿರಬೇಕು ಅಂತ ಯಾರೋ ಒಬ್ಬರು ನಿರ್ಧಾರ ಮಾಡ್ತಾರಲ್ಲ, ಆಮೇಲೆ ನೂರು ವರ್ಷ ಎಲ್ಲರೂ ಅದರ ಮೇಲೇ ಓಡಾಡಬೇಕಲ್ಲ, ಇದೂ ಹಾಗೇ. ಹಾಗಾಗಿ ಕಂಪ್ಯೂಟರ್ ವಿಷಯ, ನಮಗೇಕೆ ಅಂತ ಚಾನೆಲ್ ಬದಲಾಯಿಸಬೇಡಿ.

ಮೊದಲು ಮಾರ್ಕಪ್ ಅಂದ್ರೆ ಏನು ಅಂತ ನೋಡೋಣ. ನನ್ನ ಮುಂದೆ ಟೆಲಿಪ್ರಾಂಪ್ಟರ್‌ನಲ್ಲಿ ಸ್ಕ್ರಿಪ್ಟ್ ಓಡ್ತಿರುತ್ತೆ. ಅದರಲ್ಲಿ ನಾನು ಓದಬೇಕಾದ ಮಾತಿನ ನಡುನಡುವೆ ಬೈಟ್, ಗ್ರಾಫಿಕ್ಸ್, ಬ್ರೇಕ್ ಅಂತೆಲ್ಲ ಗುರುತು ಹಾಕಿರ್ತಾರೆ. ಅವು ನಿಮಗೆ ಕೇಳಿಸೋದಿಲ್ಲ, ಕೇಳಿಸಲೂಬಾರದು. ಅವು ಕಂಟ್ರೋಲ್ ರೂಮಿನವರಿಗೆ. ಪತ್ರಿಕೆಗಳಲ್ಲಿ ಮೊಳೆ ಜೋಡಿಸ್ತಿದ್ದ ಕಾಲದಲ್ಲೂ ಇದೇ. ಉಪಸಂಪಾದಕರು ಹಸ್ತಪ್ರತಿ ಮೇಲೆ ಕೆಂಪು ಮಸಿಯಲ್ಲಿ ಗೀಟು ಹಾಕಿ ಇದು ಶೀರ್ಷಿಕೆ, ಇದು ದಪ್ಪಕ್ಷರ ಅಂತ ಗುರುತು ಮಾಡಿ ಮೊಳೆ ಜೋಡಿಸುವವರಿಗೆ ಕೊಡ್ತಿದ್ರು. ಆ ಗುರುತಿಗೇ ಮಾರ್ಕಪ್ ಅಂತ ಹೆಸರು. ಕಂಪ್ಯೂಟರ್‌ನವರು ಹೊಸದೇನೂ ಕಂಡುಹಿಡಿದಿಲ್ಲ, ಅಚ್ಚುಮನೆಯಿಂದ ಎತ್ತಿಕೊಂಡ್ರು ಅಷ್ಟೇ.

ಎತ್ತಿಕೊಂಡವರಲ್ಲಿ ಮುಖ್ಯವಾದವರು ಒಬ್ಬ ವಕೀಲರು. ಹೌದು, ವಕೀಲರು. ಚಾರ್ಲ್ಸ್ ಗೋಲ್ಡ್‌ಫಾರ್ಬ್. 1960ರ ದಶಕದ ಕೊನೆಗೆ ಐಬಿಎಂ ಕಂಪನಿಯಲ್ಲಿದ್ರು. ಕಾನೂನು ದಾಖಲೆಗಳನ್ನ ಕಂಪ್ಯೂಟರ್‌ನಲ್ಲಿಟ್ಟು ಹುಡುಕೋದು, ತಿದ್ದೋದು, ಅಚ್ಚು ಹಾಕೋದು ಅವರ ಕೆಲಸ. ಒಂದು ಯಂತ್ರದಲ್ಲಿ ಬರೆದದ್ದು ಇನ್ನೊಂದು ಯಂತ್ರಕ್ಕೆ ಅರ್ಥವಾಗ್ತಾ ಇರ್ಲಿಲ್ಲ. ಗೋಲ್ಡ್‌ಫಾರ್ಬ್, ಮೋಷರ್, ಲೋರಿ ಮೂವರೂ ಸೇರಿ 1969ರಲ್ಲಿ ಒಂದು ದಾರಿ ಹುಡುಕಿದ್ರು. ಇದನ್ನ ದಪ್ಪಕ್ಷರದಲ್ಲಿ ಹಾಕು ಅಂತ ಬರೀಬೇಡಿ, ಇದು ಶೀರ್ಷಿಕೆ ಅಂತ ಬರೀರಿ. ಅದು ಹೇಗೆ ಕಾಣಬೇಕು ಅನ್ನೋದನ್ನ ಆಯಾ ಯಂತ್ರ ನೋಡಿಕೊಳ್ಳಲಿ. ಆ ಭಾಷೆಗೆ ಜಿಎಂಎಲ್ ಅಂತ ಹೆಸರಿಟ್ರು. ಜಿ, ಎಂ, ಎಲ್ ಮೂರೂ ಆ ಮೂವರ ಹೆಸರಿನ ಮೊದಲ ಅಕ್ಷರಗಳೇ, ವಿಸ್ತಾರ ಆಮೇಲೆ ಹೊಂದಿಸಿಕೊಂಡದ್ದು. ಅದೇ ಬೆಳೆದು ಎಸ್‌ಜಿಎಂಎಲ್ ಆಗಿ 1986ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯ್ತು. ದೊಡ್ಡ ದೊಡ್ಡ ಸಂಸ್ಥೆಗಳಿಗೆ ಮಾತ್ರ ನಿಭಾಯಿಸಲಿಕ್ಕೆ ಆಗುವಂಥ, ಪಂಡಿತರ ವ್ಯಾಕರಣದಂಥ ಭಾಷೆ ಅದು.

ಈಗ ಜಿನೀವಾಗೆ ಬನ್ನಿ. ಸರ್ನ್ ಅನ್ನೋ ಯುರೋಪಿನ ಭೌತವಿಜ್ಞಾನ ಸಂಸ್ಥೆ. ಜಗತ್ತಿನ ಎಲ್ಲಾ ಕಡೆಯಿಂದ ವಿಜ್ಞಾನಿಗಳು ಬರ್ತಾರೆ, ಎರಡು ವರ್ಷ ಇರ್ತಾರೆ, ಹೋಗ್ತಾರೆ. ಹೋಗುವಾಗ ತಲೆಯಲ್ಲಿರೋ ಮಾಹಿತಿಯನ್ನೂ ಜೊತೆಗೇ ಒಯ್ತಾರೆ. ಯಾವ ಯಂತ್ರದ ಬಗ್ಗೆ ಯಾರು ಏನು ಬರೆದಿಟ್ಟಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ನಮ್ಮ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು ವರ್ಗ ಆದ ಮೇಲೆ ಫೈಲ್ ಎಲ್ಲಿದೆ ಅಂತ ಹುಡುಕ್ತೀವಲ್ಲ, ಅದೇ ಪಾಡು. 1989ರ ಮಾರ್ಚ್‌ನಲ್ಲಿ ಬರ್ನರ್ಸ್-ಲೀ ಇದಕ್ಕೊಂದು ಪರಿಹಾರ ಬರೆದು ಮೇಲಧಿಕಾರಿ ಮೈಕ್ ಸೆಂಡಾಲ್ ಅವರಿಗೆ ಕೊಟ್ಟರು. ಅವರು ಅದರ ಮೇಲೆ ಪೆನ್ನಿನಲ್ಲಿ ಬರೆದದ್ದು ‘ಅಸ್ಪಷ್ಟ, ಆದರೆ ರೋಮಾಂಚಕ’ ಅಂತ. ಒಪ್ಪಿಗೆ ಅಂತ ಬರೀಲಿಲ್ಲ, ತಿರಸ್ಕರಿಸಲೂ ಇಲ್ಲ. ಅಸ್ಪಷ್ಟ ಅಂತ ಅನಿಸಿದ್ದನ್ನ ಕಸದ ಬುಟ್ಟಿಗೆ ಹಾಕದ ಅಧಿಕಾರಿಗಳಿಗೆ ಚರಿತ್ರೆಯಲ್ಲಿ ಎಲ್ಲೂ ಪ್ರತಿಮೆ ಇಲ್ಲ ನೋಡಿ.

1990ರ ಕೊನೆಯ ಹೊತ್ತಿಗೆ ಮೊದಲ ಬ್ರೌಸರ್, ಮೊದಲ ಸರ್ವರ್, ಮೊದಲ ಪುಟ ಎಲ್ಲಾ ಆ ಕಪ್ಪು ನೆಕ್ಸ್ಟ್ ಕಂಪ್ಯೂಟರ್‌ನಲ್ಲಿ ಓಡ್ತಾ ಇತ್ತು. ಯಾರಾದ್ರೂ ಸ್ವಿಚ್ ಆರಿಸಿಬಿಟ್ರೆ ಇಡೀ ವೆಬ್ಬೇ ಬಂದ್. ಅದಕ್ಕೆ ಆ ಪೆಟ್ಟಿಗೆ ಮೇಲೆ ಒಂದು ಚೀಟಿ ಅಂಟಿಸಿ, ಇದು ಸರ್ವರ್, ದಯವಿಟ್ಟು ಆರಿಸಬೇಡಿ ಅನ್ನೋ ಅರ್ಥದಲ್ಲಿ ಕೆಂಪು ಮಸಿಯಲ್ಲಿ ಬರೆದಿದ್ರು. ಆ ಚೀಟಿ ಸಮೇತ ಆ ಕಂಪ್ಯೂಟರನ್ನ ಈಗಲೂ ಕಾಪಾಡಿದ್ದಾರೆ.

ಭಾಷೆ ವಿಷಯಕ್ಕೆ ಬರೋಣ. ಎಸ್‌ಜಿಎಂಎಲ್ ಆಧಾರದ ಒಂದು ಭಾಷೆ ಸರ್ನ್‌ನಲ್ಲಿ ಆಗಲೇ ಬಳಕೆಯಲ್ಲಿತ್ತು. ಬರ್ನರ್ಸ್-ಲೀ ಅದರಿಂದ ಶೀರ್ಷಿಕೆ, ಪ್ಯಾರಾ, ಪಟ್ಟಿ ಇಂಥ ಟ್ಯಾಗುಗಳನ್ನ ಎತ್ತಿಕೊಂಡರು. 1991ರಲ್ಲಿ ಇದ್ದದ್ದು ಹದಿನೆಂಟೇ ಟ್ಯಾಗು. ಎಣಿಸಿ ಹದಿನೆಂಟು. ಅದರಲ್ಲಿ ಅವರ ಸ್ವಂತದ್ದು ಅಂದ್ರೆ ‘ಎ’ ಅನ್ನೋ ಒಂದಕ್ಷರದ ಟ್ಯಾಗು. ಲಿಂಕ್. ಒಂದು ಪದವನ್ನ ಒತ್ತಿದ್ರೆ ಜಗತ್ತಿನ ಇನ್ನೊಂದು ಮೂಲೆಯ ಕಂಪ್ಯೂಟರ್‌ನಲ್ಲಿರೋ ಪುಟ ತೆರೆದುಕೊಳ್ಳುತ್ತೆ. ಇದಕ್ಕೆ ಆ ಕಡೆಯವರ ಅನುಮತಿ ಬೇಕಿಲ್ಲ. ಆ ಕಡೆಯ ಪುಟ ಅಳಿಸಿಹೋದ್ರೂ ಈ ಕಡೆಯ ಪುಟಕ್ಕೆ ಏನೂ ಆಗೋದಿಲ್ಲ, ಸಿಗಲಿಲ್ಲ ಅಂತ ಬರುತ್ತೆ ಅಷ್ಟೇ. ಎಲ್ಲಾ ಕೊಂಡಿಗಳೂ ಎಂದೂ ತುಂಡಾಗಬಾರದು ಅಂತ ಪಟ್ಟು ಹಿಡಿದು ಕೂತ ಮೇಧಾವಿಗಳು ಅವರಿಗಿಂತ ಮೊದಲೇ ಇದ್ರು. ಅವರ ವ್ಯವಸ್ಥೆಗಳು ಜಗತ್ತನ್ನ ತಲುಪಲಿಲ್ಲ. ತುಂಡಾದ್ರೆ ಆಗಲಿ ಬಿಡಿ ಅಂದವರದ್ದು ತಲುಪಿತು.

ಇನ್ನೊಂದು ನಿಯಮ ಇತ್ತು. ನನಗೆ ತುಂಬಾ ಇಷ್ಟವಾದ ನಿಯಮ. ಬ್ರೌಸರ್‌ಗೆ ಗೊತ್ತಿಲ್ಲದ ಟ್ಯಾಗು ಸಿಕ್ಕಿದ್ರೆ ಅದನ್ನ ಬಿಟ್ಟು ಮುಂದೆ ಹೋಗಬೇಕು, ಜಗಳ ಮಾಡಬಾರದು. ಇದನ್ನ ನೆನಪಿಟ್ಟುಕೊಳ್ಳಿ. ಮುಂದೆ ಇದರ ಮೇಲೇ ಯುದ್ಧ ಆಯ್ತು.

1993. ಈ ಕಥೆಯ ತಿರುವೆಲ್ಲ ಇದೇ ವರ್ಷದಲ್ಲಿದೆ. ಫೆಬ್ರವರಿ 25ಕ್ಕೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಇಪ್ಪತ್ತೊಂದು ವರ್ಷದ ಹುಡುಗ ಮಾರ್ಕ್ ಆಂಡ್ರೀಸನ್, ಪುಟದ ಮಧ್ಯೆ ಚಿತ್ರ ತೋರಿಸಲಿಕ್ಕೆ ಒಂದು ಟ್ಯಾಗು ಬೇಕು, ಐಎಂಜಿ ಅಂತ ಇಡೋಣ ಅಂತ ಪ್ರಸ್ತಾಪ ಮಾಡಿದ. ಹಿರಿಯರು ತಲೆಗೊಂದು ಸಲಹೆ ಕೊಟ್ಟರು. ಬೇರೆ ಹೆಸರು ಇರಲಿ, ಚಿತ್ರಕ್ಕೆ ಮಾತ್ರ ಯಾಕೆ, ಎಲ್ಲಾ ಬಗೆಯ ವಸ್ತುಗಳಿಗೂ ಆಗುವ ಹಾಗೆ ಮಾಡೋಣ ಅಂದ್ರು. ಬರ್ನರ್ಸ್-ಲೀ ಅವರಿಗೂ ಬೇರೆ ಅಭಿಪ್ರಾಯ ಇತ್ತು. ಹುಡುಗ ಎಲ್ಲಾ ಕೇಳಿಸಿಕೊಂಡ, ತನ್ನ ಮೊಸಾಯಿಕ್ ಬ್ರೌಸರ್‌ನಲ್ಲಿ ತನಗೆ ಬೇಕಾದ ಹಾಗೇ ಹಾಕಿ ಹೊರಗೆ ಬಿಟ್ಟ. ಮುಗೀತು. ಇವತ್ತಿಗೂ ಐಎಂಜಿಯೇ. ಸಮಿತಿ ಸಭೆ ಸೇರೋದರೊಳಗೆ ಮಾಡಿ ಮುಗಿಸಿದವನದ್ದೇ ನಿಯಮ ಆಯ್ತು. ಇದು ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಿದ್ರೆ, ನಾನು ಎರಡೂ ಅಂತೀನಿ. ಚಿತ್ರ ಬಂದ ಮೇಲೇ ಜನ ಸಾಮಾನ್ಯರು ವೆಬ್ ಕಡೆ ತಿರುಗಿದ್ದು. ಹಾಗೇ, ಯಾರ ಬ್ರೌಸರ್ ಜಾಸ್ತಿ ಜನರ ಕೈಲಿರುತ್ತೋ ಅವನೇ ವ್ಯಾಕರಣ ಬರೀತಾನೆ ಅನ್ನೋ ಚಾಳಿಯೂ ಅಲ್ಲಿಂದಲೇ ಶುರುವಾಯ್ತು.

ಅದೇ ವರ್ಷದ ಆರಂಭದಲ್ಲಿ ಇನ್ನೊಂದು ಘಟನೆ. ಆಗ ವೆಬ್‌ಗಿಂತ ಜನಪ್ರಿಯವಾಗಿದ್ದದ್ದು ಗೋಫರ್ ಅನ್ನೋ ವ್ಯವಸ್ಥೆ. ಮಿನೆಸೋಟ ವಿಶ್ವವಿದ್ಯಾಲಯದ್ದು. ಅವರು, ನಮ್ಮ ಸರ್ವರ್ ಸಾಫ್ಟ್‌ವೇರ್‌ಗೆ ಇನ್ನು ಮೇಲೆ ಕೆಲವರು ಶುಲ್ಕ ಕೊಡಬೇಕಾಗುತ್ತೆ ಅಂತ ಪ್ರಕಟಿಸಿದ್ರು. ತಪ್ಪೇನಿಲ್ಲ, ಕಷ್ಟಪಟ್ಟು ಮಾಡಿದ್ದಾರೆ. ಆದ್ರೆ ಬಳಸ್ತಿದ್ದವರಿಗೆ ಅನುಮಾನ ಬಂತು. ಇವತ್ತು ಕೆಲವರಿಗೆ ಅಂತಾರೆ, ನಾಳೆ ಎಲ್ಲರಿಗೂ ಅಂದ್ರೆ? ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದ್ರು. ಇದನ್ನ ನೋಡಿದ ಬರ್ನರ್ಸ್-ಲೀ ಮತ್ತು ಅವರ ಬೆಲ್ಜಿಯಂ ಮೂಲದ ಸಹೋದ್ಯೋಗಿ ರಾಬರ್ಟ್ ಕಾಯೋ, ಸರ್ನ್ ಆಡಳಿತದ ಬೆನ್ನು ಬಿದ್ರು. 1993ರ ಏಪ್ರಿಲ್ 30ರಂದು ಸರ್ನ್ ಒಂದು ಕಾಗದಕ್ಕೆ ಸಹಿ ಹಾಕಿ, ವೆಬ್‌ನ ಮೂಲ ಸಾಫ್ಟ್‌ವೇರ್ ಮೇಲಿನ ಎಲ್ಲಾ ಹಕ್ಕುಗಳನ್ನೂ ಬಿಟ್ಟುಕೊಟ್ಟಿತು. ಯಾರು ಬೇಕಾದ್ರೂ ಬಳಸಿ, ನಕಲು ಮಾಡಿ, ಬದಲಾಯಿಸಿ, ಹಂಚಿ.

ಒಂದು ಕ್ಷಣ ಯೋಚನೆ ಮಾಡಿ ವೀಕ್ಷಕರೇ. ಪ್ರತಿ ಪುಟಕ್ಕೆ ಒಂದು ಪೈಸೆ ಅಂತ ಇಟ್ಟಿದ್ರೆ? ಹಾಗೆ ಇಟ್ಟಿದ್ರೆ ಪೈಸೆಯೂ ಬರ್ತಿರ್ಲಿಲ್ಲ, ವೆಬ್ಬೂ ಇರ್ತಿರ್ಲಿಲ್ಲ, ಗೋಫರ್ ಪಕ್ಕದಲ್ಲಿ ಇನ್ನೊಂದು ಸಮಾಧಿ ಆಗ್ತಿತ್ತು ಅಷ್ಟೇ ಅಂತ ನನ್ನ ಲೆಕ್ಕ. ದಾನ ಮಾಡಿದ್ರು ಅಂತ ನಾವು ಭಾವುಕರಾಗಿ ಹೇಳ್ತೀವಿ. ಅದು ದಾನ ಹೌದು, ಜೊತೆಗೆ ಜಾಣತನವೂ ಹೌದು. ಹಾಗಂತ ಬರ್ನರ್ಸ್-ಲೀ ಸನ್ಯಾಸಿ ಏನಲ್ಲ. 2021ರ ಜೂನ್‌ನಲ್ಲಿ ಆ ಮೂಲ ಕೋಡ್‌ನ ಎನ್‌ಎಫ್‌ಟಿ ಅನ್ನೋ ಡಿಜಿಟಲ್ ಪ್ರತಿಯನ್ನ ಸದಬೀಸ್‌ನಲ್ಲಿ ಹರಾಜಿಗಿಟ್ರು, 54 ಲಕ್ಷ ಡಾಲರ್‌ಗೆ ಹೋಯ್ತು. ಕೊಂಡವರಿಗೆ ಸಿಕ್ಕಿದ್ದು ನೆನಪಿನ ಕಾಣಿಕೆ, ಹಕ್ಕಲ್ಲ. ಹಕ್ಕು ಮಾರಲಿಕ್ಕೆ ಉಳಿದೇ ಇರಲಿಲ್ಲ.

ಆಮೇಲೆ ಯುದ್ಧ. 1994ರ ಕೊನೆಗೆ ನೆಟ್‌ಸ್ಕೇಪ್ ಬಂತು, 1995ರಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ ತಂತು. ಗೊತ್ತಿಲ್ಲದ ಟ್ಯಾಗನ್ನ ಬಿಟ್ಟುಬಿಡು ಅನ್ನೋ ನಿಯಮ ಇದೆಯಲ್ಲ, ಅದನ್ನ ಹಿಡಿದುಕೊಂಡು ಇಬ್ಬರೂ ತಮಗೆ ತೋಚಿದ ಟ್ಯಾಗುಗಳನ್ನ ಹೊಸೆದ್ರು. ನೆಟ್‌ಸ್ಕೇಪ್‌ನವರದ್ದು ಬ್ಲಿಂಕ್. ಅಕ್ಷರ ಮಿಣಕ್ ಮಿಣಕ್ ಅನ್ನೋದು. ಲೂ ಮಾಂಟುಲಿ ಅನ್ನೋ ಎಂಜಿನಿಯರ್ ಬಾರ್‌ನಲ್ಲಿ ಕೂತು ತಮಾಷೆಗೆ ಹೇಳಿದ್ದನ್ನ ಸಹೋದ್ಯೋಗಿಯೊಬ್ಬರು ರಾತ್ರೋರಾತ್ರಿ ಮಾಡಿಬಿಟ್ಟರಂತೆ, ಅವರೇ ಹೇಳಿಕೊಂಡಿದ್ದಾರೆ. ಮೈಕ್ರೋಸಾಫ್ಟ್ ಕಡೆಯಿಂದ ಬಂದದ್ದು ಮಾರ್ಕೀ. ಅಕ್ಷರ ಬಲದಿಂದ ಎಡಕ್ಕೆ ಓಡೋದು. ನಮ್ಮ ಟಿವಿ ಪರದೆಯ ಕೆಳಗೆ ಓಡುತ್ತಲ್ಲ ಸ್ಕ್ರೋಲ್, ಅದೇ. ಪಂಡಿತರು ಎರಡನ್ನೂ ಬೈದ್ರು. ಬ್ಲಿಂಕ್ ಸತ್ತುಹೋಯ್ತು, 2013ರಲ್ಲಿ ಫೈರ್‌ಫಾಕ್ಸ್ ಕೂಡ ಅದನ್ನ ತೆಗೆದುಹಾಕಿತು. ತಮಾಷೆ ಏನಂದ್ರೆ ಗೂಗಲ್ ಅದೇ ವರ್ಷ ತನ್ನ ಬ್ರೌಸರ್‌ನ ಎಂಜಿನ್‌ಗೆ ಬ್ಲಿಂಕ್ ಅಂತಲೇ ಹೆಸರಿಟ್ಟಿತು, ಆ ಟ್ಯಾಗು ಮಾತ್ರ ಅದರಲ್ಲಿ ಕೆಲಸ ಮಾಡೋದಿಲ್ಲ. ಮಾರ್ಕೀ ಸಾಯಲಿಲ್ಲ. ಬಳಸಬಾರದು ಅಂತ ನಿಯಮದಲ್ಲಿದೆ, ಬಳಸಿದ್ರೆ ಓಡುತ್ತೆ. ನಮ್ಮ ಸರ್ಕಾರಿ ವೆಬ್‌ಸೈಟ್‌ಗಳಲ್ಲಿ ಟೆಂಡರ್ ಪ್ರಕಟಣೆ ಓಡಾಡ್ತಿರೋದನ್ನ ನೀವೇ ನೋಡಿರ್ತೀರಿ. ಬೈಯೋ ಹಕ್ಕು ನನಗಿಲ್ಲ ಬಿಡಿ, ನನ್ನ ಕೆಳಗೂ ಒಂದು ಓಡ್ತಾ ಇದೆ.

ಈ ಹೊಡೆದಾಟದಲ್ಲಿ ಹುಟ್ಟಿದ ಇನ್ನೊಂದು ಟ್ಯಾಗು ಫಾಂಟ್. ಅದು ಭಾಷೆಯ ಮೂಲ ತತ್ವಕ್ಕೇ ವಿರುದ್ಧ. ಇದು ಏನು ಅಂತ ಹೇಳು, ಹೇಗೆ ಕಾಣಬೇಕು ಅಂತ ಹೇಳಬೇಡ ಅನ್ನೋದಲ್ಲವಾ ತತ್ವ? ಫಾಂಟ್ ಟ್ಯಾಗು ಹೇಳೋದು ಬರೀ ಹೇಗೆ ಕಾಣಬೇಕು ಅಂತ. ಪಂಡಿತರಿಗೆ ಅದು ಕಂಡ್ರೆ ಆಗೋದಿಲ್ಲ. ಆದ್ರೆ ವೀಕ್ಷಕರೇ, ವೆಬ್‌ನಲ್ಲಿ ಕನ್ನಡ ಮೊದಲು ಕಾಲಿಟ್ಟದ್ದು ಆ ಟ್ಯಾಗಿನ ಬೆನ್ನೇರಿ. ಆಗ ಬ್ರೌಸರ್‌ಗೆ ಕನ್ನಡ ಅಂದ್ರೆ ಏನು ಅಂತಲೇ ಗೊತ್ತಿರಲಿಲ್ಲ. ನಮ್ಮವರು ಏನು ಮಾಡಿದ್ರು? ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಇಟ್ಟುಕೊಂಡು, ಆ ಜಾಗದಲ್ಲಿ ಕನ್ನಡದ ಚೂರುಗಳನ್ನ ಕೂರಿಸಿದ ಫಾಂಟ್ ಮಾಡಿದ್ರು. ಕೊಂಬು ಒಂದು ಕಡೆ, ದೀರ್ಘ ಇನ್ನೊಂದು ಕಡೆ, ಒತ್ತಕ್ಷರ ಮತ್ತೊಂದು ಕಡೆ. ಪುಟದಲ್ಲಿ ಫಾಂಟ್ ಟ್ಯಾಗಿನಲ್ಲಿ ಅದರ ಹೆಸರು ಬರೆದ್ರು. ಓದುವವರ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇದ್ರೆ ಕನ್ನಡ, ಇಲ್ಲದಿದ್ರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಅದೂ ಆಗದವರು ಕನ್ನಡ ಬರಹವನ್ನ ಚಿತ್ರ ಮಾಡಿ ಐಎಂಜಿ ಟ್ಯಾಗಿನಲ್ಲಿ ಅಂಟಿಸಿದ್ರು. ದುಬೈನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಕೂತ ಕನ್ನಡಿಗರು ಊರಿನ ಸುದ್ದಿ ಓದಿದ್ದು ಹೀಗೆ.

ಕೆಲಸ ನಡೀತು. ಬೆಲೆ ಆಮೇಲೆ ಗೊತ್ತಾಯ್ತು. ಕಣ್ಣಿಗೆ ಕನ್ನಡ ಕಾಣ್ತಿತ್ತು, ಒಳಗೆ ಇದ್ದದ್ದು ಕನ್ನಡ ಅಲ್ಲ. ಸರ್ಚ್ ಎಂಜಿನ್‌ಗೆ ‘ಕಾವೇರಿ’ ಅಂತ ಕೊಟ್ರೆ ಆ ಪುಟ ಸಿಗೋದಿಲ್ಲ, ಯಾಕಂದ್ರೆ ಪುಟದಲ್ಲಿ ಕಾವೇರಿ ಅನ್ನೋ ಪದವೇ ಇಲ್ಲ, ಇರೋದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಆ ಕಾಲದ ಎಷ್ಟೋ ಕನ್ನಡ ಬರಹ, ವರದಿ, ವಾದ ವಿವಾದ ಹೀಗೇ ಹುಡುಕಾಟಕ್ಕೆ ಸಿಗದೆ ಕಳೆದುಹೋಗಿದೆ. ಪರಿಹಾರ ಇರಲಿಲ್ಲವೇ ಅಂದ್ರೆ, ಇತ್ತು. 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. 1997ರ ಡಿಸೆಂಬರ್‌ನಲ್ಲಿ ಬಂದ ಎಚ್‌ಟಿಎಂಎಲ್ 4.0, ಈ ಭಾಷೆಯ ಪುಟದಲ್ಲಿ ಜಗತ್ತಿನ ಎಲ್ಲಾ ಲಿಪಿಗಳಿಗೂ ಅಧಿಕೃತ ಸ್ಥಾನ ಕೊಟ್ಟಿತು. ಆದ್ರೆ ಕಾಗದದ ಮೇಲೆ ಸ್ಥಾನ ಸಿಕ್ಕಿದ ಮಾತ್ರಕ್ಕೆ ಪರದೆ ಮೇಲೆ ಅಕ್ಷರ ಮೂಡೋದಿಲ್ಲವಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂದ ಮೇಲೇ ಸಾಮಾನ್ಯರ ಕಂಪ್ಯೂಟರ್‌ನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕಾಣಿಸಲಿಕ್ಕೆ ಶುರುವಾದದ್ದು. ಕಾನೂನು ಬಂದದ್ದು ಒಂದು ದಿನ, ಊರಿಗೆ ಬಸ್ಸು ಬಂದದ್ದು ಇನ್ಯಾವತ್ತೋ ಅಂದ ಹಾಗೆ.

ಮತ್ತೆ ಆ ಕ್ಷಮಿಸುವ ನಿಯಮಕ್ಕೆ ಬರೋಣ. 1994ರಲ್ಲಿ ಬರ್ನರ್ಸ್-ಲೀ ಸ್ಥಾಪಿಸಿದ ಡಬ್ಲ್ಯೂ3ಸಿ ಅನ್ನೋ ಮಾನದಂಡ ಸಂಸ್ಥೆಗೆ 2000ದ ಹೊತ್ತಿಗೆ ಶಿಸ್ತಿನ ಚಿಂತೆ ಹತ್ತಿತು. ಜನ ಟ್ಯಾಗು ತೆರೀತಾರೆ, ಮುಚ್ಚೋದಿಲ್ಲ. ಒಂದರೊಳಗೊಂದು ಸಿಕ್ಕಿಸ್ತಾರೆ. ಬ್ರೌಸರ್ ಪಾಪ, ಏನು ಬರೆದಿದ್ದಾರೋ ಊಹಿಸಿಕೊಂಡು ತೋರಿಸುತ್ತೆ. ಇದೆಲ್ಲ ಸಾಕು ಅಂತ ಎಕ್ಸ್‌ಎಚ್‌ಟಿಎಂಎಲ್ ಅನ್ನೋ ಕಟ್ಟುನಿಟ್ಟಿನ ಭಾಷೆ ತಂದ್ರು. ಅದನ್ನ ಪೂರ್ತಿ ನಿಯಮದಂತೆ ನಡೆಸಿದ್ರೆ, ಒಂದೇ ಒಂದು ಟ್ಯಾಗು ಮುಚ್ಚದೇ ಇದ್ರೂ ಓದುಗರಿಗೆ ಪುಟದ ಬದಲು ದೋಷದ ಸಂದೇಶ ಕಾಣಬೇಕು. ಅಂದ್ರೆ ಬರೆದವರ ತಪ್ಪಿಗೆ ಓದುವವರಿಗೆ ಶಿಕ್ಷೆ. ನಾನು ಸುದ್ದಿ ಓದುವಾಗ ಒಂದು ಅಲ್ಪಪ್ರಾಣ ಮಹಾಪ್ರಾಣ ತಪ್ಪಿದ್ರೆ ನಿಮ್ಮ ಮನೆಯ ಟಿವಿ ಆರಿಹೋಗಬೇಕು ಅಂದ ಹಾಗಾಯ್ತು. ಹಾಗೆ ಮಾಡಿದ್ರೆ ಕನ್ನಡದಲ್ಲಿ ಒಂದು ಚಾನೆಲ್ಲೂ ಉಳಿಯೋದಿಲ್ಲ.

2004ರ ಜೂನ್‌ನಲ್ಲಿ ಡಬ್ಲ್ಯೂ3ಸಿಯ ಒಂದು ಕಾರ್ಯಾಗಾರದಲ್ಲಿ ಮೊಜಿಲ್ಲಾ ಮತ್ತು ಒಪೆರಾದವರು, ಹಳೇ ಎಚ್‌ಟಿಎಂಎಲ್ಲನ್ನೇ ಬೆಳೆಸೋಣ, ಇರೋ ಪುಟಗಳನ್ನ ಮುರಿಯೋದು ಬೇಡ ಅಂತ ಕೇಳಿಕೊಂಡ್ರು. ಬಹುಮತ ಒಪ್ಪಲಿಲ್ಲ. ಎರಡೇ ದಿನದಲ್ಲಿ ಅವರು ಆ್ಯಪಲ್ ಜೊತೆ ಸೇರಿ ವಾಟ್‌ಡಬ್ಲ್ಯೂಜಿ ಅನ್ನೋ ಬೇರೆ ಗುಂಪು ಪ್ರಕಟಿಸಿದ್ರು. ಇಯಾನ್ ಹಿಕ್ಸನ್ ಅದರ ಸಂಪಾದಕ. ಅವರು ಮಾಡಿದ ದೊಡ್ಡ ಕೆಲಸ ಹೊಸ ಟ್ಯಾಗುಗಳಲ್ಲ. ಜನ ಯಾವ ಯಾವ ರೀತಿ ತಪ್ಪಾಗಿ ಬರೀತಾರೆ, ಆಗೆಲ್ಲ ಬ್ರೌಸರ್ ಏನು ಮಾಡಬೇಕು ಅನ್ನೋದನ್ನ ಒಂದೂ ಬಿಡದೆ ಬರೆದಿಟ್ಟದ್ದು. ತಪ್ಪಿಗೂ ಒಂದು ವ್ಯಾಕರಣ. 2006ರಲ್ಲಿ ಬರ್ನರ್ಸ್-ಲೀ ಅವರೇ, ಜಗತ್ತನ್ನ ಒಂದೇ ಸಲಕ್ಕೆ ಕಟ್ಟುನಿಟ್ಟಿನ ಭಾಷೆಗೆ ತಿರುಗಿಸೋ ಪ್ರಯತ್ನ ಫಲಿಸಲಿಲ್ಲ ಅಂತ ಬರೆದ್ರು. 2014ರ ಅಕ್ಟೋಬರ್ 28ಕ್ಕೆ ಎಚ್‌ಟಿಎಂಎಲ್5 ಅಧಿಕೃತವಾಯ್ತು. ವಿಡಿಯೋ ನೋಡಲಿಕ್ಕೆ ಫ್ಲ್ಯಾಶ್ ಹಾಕಿಕೊಳ್ಳಿ ಅಂತ ಕಾಟ ಕೊಡ್ತಿದ್ದದ್ದು ನೆನಪಿದೆಯಾ? ಅದು ತಪ್ಪಿದ್ದು ಇದರಲ್ಲಿ ಬಂದ ವಿಡಿಯೋ ಟ್ಯಾಗಿನಿಂದ.

ಆ ವಿಡಿಯೋ ಟ್ಯಾಗಿನಿಂದಲೇ ಇನ್ನೊಂದು ರಗಳೆಯೂ ಬಂತು. ಸಿನಿಮಾ ಕಂಪನಿಗಳು, ನಮ್ಮ ವಿಡಿಯೋ ಯಾರೂ ನಕಲು ಮಾಡದ ಹಾಗೆ ಬೀಗ ಬೇಕು ಅಂದ್ರು. 2017ರ ಸೆಪ್ಟೆಂಬರ್‌ನಲ್ಲಿ ಡಬ್ಲ್ಯೂ3ಸಿ ಆ ಬೀಗಕ್ಕೆ ವೆಬ್ ಮಾನದಂಡದಲ್ಲೇ ಜಾಗ ಕೊಟ್ಟಿತು. ಹೂಂ ಅಂದವರು ಸ್ವತಃ ಬರ್ನರ್ಸ್-ಲೀ. ಇದನ್ನ ವಿರೋಧಿಸಿ ಡಿಜಿಟಲ್ ಹಕ್ಕುಗಳ ಸಂಸ್ಥೆ ಇಎಫ್‌ಎಫ್ ಡಬ್ಲ್ಯೂ3ಸಿಗೆ ರಾಜೀನಾಮೆ ಕೊಟ್ಟು ಹೊರನಡೆಯಿತು. ಬೀಗ ಹೇಗೂ ಬರುತ್ತೆ, ಬ್ರೌಸರ್ ಒಳಗೇ ಬರಲಿ ಅನ್ನೋದು ಅವರ ವಾದ. ಅದರಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ. ಆದ್ರೆ ಆ ಬೀಗ ಒಡೆದು ಅದರಲ್ಲಿ ದೋಷ ಇದೆಯಾ ಅಂತ ಪರೀಕ್ಷಿಸೋ ಸಂಶೋಧಕರಿಗೆ ಕಾನೂನು ರಕ್ಷಣೆ ಕೊಡಿ ಅಂತ ಕೇಳಿದ್ರೆ ಅದನ್ನೂ ಸೇರಿಸಲಿಲ್ಲ. ಅಲ್ಲಿ ಅವರು ಎಡವಿದರು ಅಂತ ನನ್ನ ಅಭಿಪ್ರಾಯ.

ಈಗ ಶೀರ್ಷಿಕೆಯ ಪ್ರಶ್ನೆ. 2019ರ ಮೇ 28ರಂದು ಎರಡೂ ಗುಂಪುಗಳ ನಡುವೆ ಒಪ್ಪಂದ ಆಯ್ತು. ಇನ್ನು ಎಚ್‌ಟಿಎಂಎಲ್ ಬರೆಯೋದು ವಾಟ್‌ಡಬ್ಲ್ಯೂಜಿ. 4, 5 ಅಂತ ಆವೃತ್ತಿ ಸಂಖ್ಯೆಯೂ ಇಲ್ಲ, ಭಾಷೆ ದಿನಾ ತಿದ್ದುಪಡಿ ಆಗ್ತಾ ಹೋಗುತ್ತೆ. ಆ ಗುಂಪಿನ ಚುಕ್ಕಾಣಿ ಸಮಿತಿಯಲ್ಲಿ ಇರೋದು ನಾಲ್ಕೇ ನಾಲ್ಕು ಸಂಸ್ಥೆ. ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ. ಕಾಗದದಲ್ಲಿ ಈ ಭಾಷೆಗೆ ಯಜಮಾನರಿಲ್ಲ. ಯಾರು ಬೇಕಾದ್ರೂ ಸಲಹೆ ಕೊಡಬಹುದು, ಚರ್ಚೆ ಎಲ್ಲಾ ಬಹಿರಂಗ. ಆದ್ರೆ ಬ್ರೌಸರ್ ಮಾಡುವವರು ಒಪ್ಪದ ಟ್ಯಾಗು ಬದುಕೋದಿಲ್ಲ. ಮೈಕ್ರೋಸಾಫ್ಟ್ ಕೂಡ 2020ರಲ್ಲಿ ತನ್ನ ಎಡ್ಜ್ ಬ್ರೌಸರನ್ನ ಗೂಗಲ್‌ನ ಎಂಜಿನ್ ಮೇಲೆ ಕೂರಿಸಿತು. ಹಾಗಾಗಿ ದೊಡ್ಡ ಎಂಜಿನ್‌ಗಳು ಅಂತ ಉಳಿದದ್ದು ಮೂರು. ಇಪ್ಪತ್ತೊಂದು ವರ್ಷದ ಹುಡುಗ ಅವತ್ತು ಒಬ್ಬನೇ ಮಾಡಿದ್ದನ್ನ ಇವತ್ತು ಮೂರ್ನಾಲ್ಕು ಕಂಪನಿಗಳು ಮಾಡ್ತಿವೆ.

ನಮ್ಮ ಕೈಯಲ್ಲಿ ಏನೂ ಇಲ್ಲವಾ ಅಂತ ಕೇಳಬಹುದು. ನಮ್ಮ ಕೈಯಲ್ಲಿರೋದನ್ನೇ ನಾವು ಮಾಡ್ತಿಲ್ಲ ಅಂತೀನಿ ನಾನು. ಐಎಂಜಿ ಟ್ಯಾಗಿನಲ್ಲಿ ಆಲ್ಟ್ ಅಂತ ಒಂದು ಜಾಗ ಇದೆ. ಚಿತ್ರದಲ್ಲಿ ಏನಿದೆ ಅಂತ ಮಾತಿನಲ್ಲಿ ಬರೆಯೋ ಜಾಗ. ಕಣ್ಣು ಕಾಣದವರ ಮೊಬೈಲ್ ಅದನ್ನ ಓದಿ ಹೇಳುತ್ತೆ. 4.0ರಲ್ಲೇ ಕಡ್ಡಾಯ ಅಂತ ಬರೆದಿದ್ದಾರೆ. ಪುಟದ ತಲೆಯಲ್ಲಿ ಲ್ಯಾಂಗ್ ಅಂತ ಇನ್ನೊಂದು ಜಾಗ ಇದೆ, ಅಲ್ಲಿ ಕೆ, ಎನ್ ಅಂತ ಎರಡಕ್ಷರ ಹಾಕಿದ್ರೆ ಇದು ಕನ್ನಡ ಪುಟ ಅಂತ ಯಂತ್ರಕ್ಕೆ ತಿಳಿಯುತ್ತೆ, ಕನ್ನಡದ ದನಿಯಲ್ಲಿ ಓದುತ್ತೆ. ನಾಳೆ ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತಾಗ ನೀವು ದಿನಾ ಓದೋ ಕನ್ನಡ ಸುದ್ದಿ ಪುಟ ತೆರೆದು, ಮೌಸಿನ ಬಲಗುಂಡಿ ಒತ್ತಿ, ಪುಟದ ಮೂಲ ತೋರಿಸು ಅಂತ ಕೇಳಿ. ಎಲ್ಲಾ ಬಿಚ್ಚಿಟ್ಟಿರುತ್ತೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆ ಎರಡು ಜಾಗದಲ್ಲಿ ಏನು ಬರೆದಿದೆ ಅಂತ ನೋಡಿ. ಖಾಲಿ ಇದ್ರೆ ಆ ಸುದ್ದಿಮನೆಗೆ ಒಂದು ಕಾಗದ ಬರೆಯಿರಿ. ನಮ್ಮದೇ ಆದ್ರೂ ಸರಿ.